ಮಲ್ಪೆ: ಬಂದರು, ಬೊಬ್ಬರ್ಯ, ಬೀಚು

ಉಡುಪಿಯಿಂದ ಪಡುವಣಕ್ಕೆ ಆರು ಕಿಲೋಮೀಟರ್ ಹೋದರೆ ಮಲ್ಪೆ. ಆದಿಉಡುಪಿ, ಕಲ್ಮಾಡಿ ದಾಟುವಾಗಲೇ ಗಾಳಿಗೆ ಉಪ್ಪು, ಒಣಮೀನಿನ ವಾಸನೆ ಸೇರಿಕೊಳ್ಳುತ್ತದೆ. ಘಟ್ಟದ ಮೇಲಿನಿಂದ ಕೃಷ್ಣ ಮಠಕ್ಕೆ ಬಂದವರು ದರ್ಶನ ಮುಗಿಸಿ, ಮಠದಲ್ಲಿ ಊಟ ಮಾಡಿ, ಬಿಸಿಲು ಇಳಿದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬರುವುದು ಈಗ ವಾಡಿಕೆಯಾಗಿದೆ. ನೀರಾಟ, ಚರುಮುರಿ, ಸೂರ್ಯಾಸ್ತ, ಒಂದಿಷ್ಟು ಫೋಟೋ. ಕತ್ತಲಾಗುತ್ತಲೇ ಬಸ್ಸು ಹತ್ತುತ್ತಾರೆ. ಅವರು ಕಂಡದ್ದು ಮಲ್ಪೆಯ ಬೀಚು. ಅದಕ್ಕೆ ಒತ್ತಿಕೊಂಡೇ ಇರುವ ಮಲ್ಪೆ ಎಂಬ ಊರು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಬೀಚು ಇರುವುದು ಆ ಊರಿನ ಅಂಗಳದಲ್ಲಿ. ಊರನ್ನು ತಿಳಿದುಕೊಂಡು ಅಂಗಳಕ್ಕೆ ಇಳಿದರೆ ಆ ಸಂಜೆಯ ರುಚಿಯೇ ಬೇರೆ.

ನೆಲದ ಲಕ್ಷಣ ಮೊದಲು. ಉದ್ಯಾವರ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬಂದರು ಇದೆ. ಅಲ್ಲಿಂದ ಬಡಗಿಗೆ ಚಾಚಿಕೊಂಡ ಉದ್ದನೆಯ ಮರಳ ದಂಡೆಯೇ ಈಗಿನ ಬೀಚು. ಹೊಳೆಯ ಆಚೆ, ತೆಂಕಿಗೆ, ಪಡುಕೆರೆ: ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ತೆಂಗಿನ ತೋಟ, ಮನೆಗಳು, ಒಂದೇ ರಸ್ತೆ. ಹಿಂದೆ ಅಲ್ಲಿಗೆ ದೋಣಿಯಲ್ಲಿ ದಾಟಬೇಕಿತ್ತು, ಈಗ ಸೇತುವೆ ಇದೆ. ಪಡುವಣಕ್ಕೆ ಕಣ್ಣು ಹಾಯಿಸಿದರೆ ಕಡಲಲ್ಲಿ ಸಾಲು ದ್ವೀಪಗಳು. ತೆರೆಗಳ ಬಿರುಸನ್ನು ಅವು ಒಂದಿಷ್ಟು ತಡೆಯುತ್ತವೆ. ಹೊಳೆಯ ಬಾಯಿ ಮತ್ತು ದ್ವೀಪಗಳ ಮರೆ, ಇವೆರಡೂ ಸೇರಿ ಮಲ್ಪೆಯನ್ನು ಬಂದರಾಗಿಸಿದವು.

ಊರಿನ ಅತಿ ಹಳೆಯ ಕತೆಯೂ ಬಂದರಿನದೇ. ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತಂತೆ. ದಡದಲ್ಲಿದ್ದ ಮಧ್ವಾಚಾರ್ಯರು ತಮ್ಮ ವಸ್ತ್ರ ಬೀಸಿ ಅದನ್ನು ಪಾರು ಮಾಡಿದರಂತೆ. ಹಡಗಿನ ಯಜಮಾನ ಏನು ಬೇಕೆಂದು ಕೇಳಿದಾಗ ಆಚಾರ್ಯರು ಬೇಡಿದ್ದು ತಳದಲ್ಲಿ ಭಾರಕ್ಕೆಂದು ಹಾಕಿದ್ದ ಗೋಪೀಚಂದನದ ಗಡ್ಡೆಗಳನ್ನು. ಒಂದರೊಳಗೆ ಬಲರಾಮ, ಇನ್ನೊಂದರೊಳಗೆ ಕೃಷ್ಣ. ಬಲರಾಮ ದಂಡೆಯ ಮೇಲೆಯೇ ನೆಲೆನಿಂತ, ಅದೇ ವಡಭಾಂಡೇಶ್ವರ. ಕೃಷ್ಣ ಉಡುಪಿಗೆ ಹೋದ. ಇದು ಸಂಪ್ರದಾಯ ಹೇಳುವ ಕತೆ, ಕಾಲ 13ನೇ ಶತಮಾನ. ಇಡೀ ನಾಡು ಉಡುಪಿಯ ಕೃಷ್ಣನಿಗೆ ಕೈಮುಗಿಯುತ್ತದೆ, ಆದರೆ ಆತ ಇಳಿದ ದಡ ಮಲ್ಪೆ ಎಂಬ ಹೆಮ್ಮೆ ಇಲ್ಲಿನವರದು. ಬೀಚಿಗೆ ಹೋಗುವ ದಾರಿಯಲ್ಲೇ ಇರುವ ವಡಭಾಂಡೇಶ್ವರನ ಗುಡಿಗೆ ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ ಬಂದವರು ತಪ್ಪದೆ ಹೋಗುತ್ತಾರೆ, ಪ್ರವಾಸಿಗರ ಕಾರುಗಳು ಮಾತ್ರ ಮುಂದೆ ಸಾಗುತ್ತವೆ. ಹತ್ತು ನಿಮಿಷ ನಿಂತು ಹೋದರೆ ಒಳ್ಳೆಯದು.

ಎದುರಿನ ದ್ವೀಪಗಳಲ್ಲಿ ಹೆಸರುವಾಸಿಯಾದದ್ದು ಸೇಂಟ್ ಮೇರೀಸ್, ಊರವರ ಬಾಯಲ್ಲಿ ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಶಿಲುಬೆಯ ಕಂಬ ನೆಟ್ಟು, ಮೇರಿ ಮಾತೆಯ ಹೆಸರಿಟ್ಟನೆಂದು ಹೇಳುತ್ತಾರೆ. ಆತನ ಹೆಸರು ಹೇಳಿಕೊಂಡು ದ್ವೀಪವನ್ನು ಮೆರೆಸುವುದು ನನಗೆ ಹಿಡಿಸುವುದಿಲ್ಲ, ಏಕೆಂದರೆ ಅಲ್ಲಿನ ಕಲ್ಲುಗಳ ಕತೆ ಅದಕ್ಕಿಂತ ಎಷ್ಟೋ ದೊಡ್ಡದು. ಐದು, ಆರು, ಏಳು ಮೂಲೆಯ ಕಲ್ಲಿನ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಯಾವ ಶಿಲ್ಪಿಯ ಉಳಿಯೂ ತಾಗಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಮಡಗಾಸ್ಕರ್‌ನಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾರಸ ತಣಿಯುತ್ತ, ಕುಗ್ಗುತ್ತ ಬಿರುಕುಬಿಟ್ಟ ಪರಿ ಇದು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಪಡುವಣ ಬದಿಯ ದಂಡೆಯಲ್ಲಿ ಮರಳಿಗಿಂತ ಚಿಪ್ಪು ಹೆಚ್ಚು. ಬೊಗಸೆಯಲ್ಲಿ ತೆಗೆದರೆ ಬಿಳಿ, ಕೆಂಪು, ಕಂದು ಚೂರುಗಳು. ಮಕ್ಕಳು ಜೇಬು ತುಂಬಿಕೊಳ್ಳಲು ನೋಡುತ್ತಾರೆ, ಅಲ್ಲಿಯೇ ಬಿಡಿಸಿ ಬರಬೇಕು. ಇನ್ನೊಂದು ದ್ವೀಪ ದರಿಯಾ ಬಹಾದ್ದೂರ್‌ಗಡ. ಬಿದನೂರಿನ ಬಸಪ್ಪ ನಾಯಕ ಅಲ್ಲಿ ಕೋಟೆ ಕಟ್ಟಿಸಿದ. ಘಟ್ಟದ ಮೇಲಿನ ಅರಸನಿಗೂ ಕಡಲ ಮೇಲೆ ಒಂದು ಕಣ್ಣು ಇಡಬೇಕಾದಷ್ಟು ಇಲ್ಲಿ ವ್ಯಾಪಾರ ಇತ್ತು. 19ನೇ ಶತಮಾನದ ಕೊನೆಗೆ ಬಾಸೆಲ್ ಮಿಷನ್‌ನವರ ಹೆಂಚಿನ ಕಾರ್ಖಾನೆಯೂ ಮಲ್ಪೆಗೆ ಬಂತು.

ಇಷ್ಟೆಲ್ಲ ಇದ್ದರೂ ಮಲ್ಪೆ ಅಂದರೆ ಇಲ್ಲಿನ ಮೀನುಗಾರ ಸಮುದಾಯವಾದ ಮೊಗವೀರರು. ಊರಿನ ಹಳೆಯ ದೇವರುಗಳಲ್ಲಿ ಬೊಬ್ಬರ್ಯನಿಗೆ ದೊಡ್ಡ ಸ್ಥಾನ. ತುಳು ಜನಪದ ಕಥನಗೀತೆಯಾದ ಪಾಡ್ದನದ ಪ್ರಕಾರ ಆತ ಬ್ಯಾರಿ ಮುಸ್ಲಿಂ ವರ್ತಕ ತಂದೆಗೂ ಜೈನ ತಾಯಿಗೂ ಹುಟ್ಟಿದವನು, ಕಡಲಲ್ಲಿ ಮಡಿದು ದೈವವಾದವನು. ಕರಾವಳಿಯ ಮೀನುಗಾರರ ಊರುಗಳಲ್ಲಿ ಕಡಲಿಗಿಳಿಯುವವರ ಕಾವಲು ಅವನದು. ಜಾತಿ ಕೇಳದೆ ಕಾಯುವ ದೈವ ಇವರಿಗೆ ಒದಗಿದ್ದು ಆಕಸ್ಮಿಕವಲ್ಲ. ಬಿರುಗಾಳಿಯಲ್ಲಿ ದೋಣಿಯಲ್ಲಿದ್ದವರೆಲ್ಲ ಒಂದೇ.

ಈಗ ಮಕ್ಕಳು ಚೆಂಡಾಡುವ ಮರಳಿನ ಮೇಲೆ ಒಂದು ಕಾಲಕ್ಕೆ ರಂಪಣಿ ಎಳೆಯುತ್ತಿದ್ದರು. ಕರಾವಳಿಯ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಇದು. ರಂಪಣಿ ಒಬ್ಬನ ಬಲೆಯಲ್ಲ. ತಂಡಕ್ಕೆ ಸೇರಿದ ಮನೆಯವರು ತಮ್ಮ ತಮ್ಮ ಪಾಲಿನ ತುಂಡು ಬಲೆ ತಂದು ಜೋಡಿಸಿದರೆ ದೊಡ್ಡ ಬಲೆಯಾಗುತ್ತಿತ್ತು. ದಡದಲ್ಲಿ ನಿಂತ ಅನುಭವಿಯೊಬ್ಬ ನೀರಿನ ಬಣ್ಣ ನೋಡಿ, ಹಕ್ಕಿಗಳ ಹಾರಾಟ ನೋಡಿ ಬಂಗುಡೆಯ ಹಿಂಡು ಬಂತೆಂದು ಕೂಗಬೇಕು. ದೋಣಿ ಬಲೆ ಬಿಡುತ್ತ ಹಿಂಡನ್ನು ಅರ್ಧ ಚಂದ್ರಾಕಾರದಲ್ಲಿ ಸುತ್ತಿ ಬರಬೇಕು. ಆಮೇಲೆ ಬಲೆಯ ಎರಡು ತುದಿಗಳ ಹಗ್ಗ ಹಿಡಿದು ಎರಡು ಸಾಲು ಜನ ಐಲೇಸಾ ಎನ್ನುತ್ತ ಎಳೆಯಬೇಕು. ಎಳೆತ ಮುಗಿಯಲು ಗಂಟೆಗಟ್ಟಲೆ ಬೇಕು. ಮೀನು ಬಿದ್ದರೆ ಇಡೀ ಊರಿಗೆ ಪಾಲು: ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದ ಕೈಗೆ ಇಷ್ಟು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಹಿಂಡನ್ನು ಆಳದಲ್ಲಿಯೇ ಸುತ್ತುವರಿದು ಹಿಡಿಯುವ ಬಲೆ ಅದು. ಕೆಲವೇ ವರ್ಷಗಳಲ್ಲಿ ದಡದ ರಂಪಣಿಗಳು ಮೂಲೆ ಸೇರಿದವು. ಹಗ್ಗ ಎಳೆಯುತ್ತಿದ್ದ ಕೈಗಳು ಬೋಟಿನ ಕೆಲಸಕ್ಕೆ ಹೋದವು, ಕೆಲವರು ಬೋಟಿನ ಯಜಮಾನರೂ ಆದರು. ದುಡಿಮೆ ಹೆಚ್ಚಿತು, ಹೆಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳು ಬಂದವು. ಆದರೆ ದಂಡೆ ಖಾಲಿಯಾಯಿತು. ಪ್ರವಾಸಿಗರು ಬಂದು ತುಂಬಿದ್ದು ಆ ಖಾಲಿ ಜಾಗವನ್ನು. ಸಣ್ಣ ಗಾತ್ರದ ಕೈರಂಪಣಿ ಈಗಲೂ ಅಪರೂಪಕ್ಕೆ ಪಡುಕೆರೆಯ ಕಡೆ ಎಳೆಯುವುದುಂಟು. ಕಂಡರೆ ಮಕ್ಕಳನ್ನು ಅಲ್ಲಿ ನಿಲ್ಲಿಸಿ, ಕಾಯಿಸಿ, ತೋರಿಸಿ.

ಇಂದು ಮಲ್ಪೆಯ ಬಂದರು ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಅದನ್ನು ನೋಡಬೇಕಾದರೆ ನಸುಕಿನಲ್ಲೇ ಹೋಗಬೇಕು. ಆಳಸಮುದ್ರದಲ್ಲಿ ವಾರಕ್ಕೂ ಮೇಲ್ಪಟ್ಟು ಇದ್ದು ಬಂದ ಬೋಟುಗಳು ಧಕ್ಕೆಗೆ ಒಂದಕ್ಕೊಂದು ತಾಗಿ ನಿಂತಿರುತ್ತವೆ. ಒಳಗಿನ ಸ್ಟೋರೇಜಿನಿಂದ ಮಂಜುಗಡ್ಡೆಯ ಪುಡಿ ಸಮೇತ ಬುಟ್ಟಿಗಳು ಮೇಲೇರುತ್ತವೆ. ನೆಲಕ್ಕೆ ಸುರಿದ ರಾಶಿಯಲ್ಲಿ ಅಂಜಲ್ ಒಂದು ಕಡೆ, ಮಾಂಜಿ ಒಂದು ಕಡೆ, ಸಿಗಡಿ, ಬೊಂಡಾಸ್, ಕಾಣೆ ಒಂದೊಂದು ಕಡೆ ಬೇರ್ಪಡುತ್ತವೆ. ಸುತ್ತ ನಿಂತ ಗುಂಪಿನ ನಡುವೆ ಏಲಂ ಕೂಗುವವನ ದನಿ ಒಂದೇ ಉಸಿರಿನಲ್ಲಿ ಏರುತ್ತದೆ, ತಟ್ಟನೆ ನಿಲ್ಲುತ್ತದೆ, ಮೀನು ಕೈ ಬದಲಾಗಿರುತ್ತದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ ಮೀನುಗಾರ ಮಹಿಳೆಯರು ಬಂಗುಡೆಯ ಕಿವಿರೆತ್ತಿ ನೋಡುತ್ತಾರೆ. ಕೆಂಪಗಿದ್ದರೆ ಮಾತು ಮುಂದುವರಿಯುತ್ತದೆ, ಮಂಕಾಗಿದ್ದರೆ ಮುಂದಿನ ರಾಶಿಗೆ ನಡೆಯುತ್ತಾರೆ. ಉಡುಪಿ, ಮಣಿಪಾಲದ ಮನೆಗಳ ಮಧ್ಯಾಹ್ನದ ಸಾರು ಮಲ್ಪೆಯ ಈ ಧಕ್ಕೆಯಲ್ಲಿ ಶುರುವಾಗುತ್ತದೆ. ಪಕ್ಕದಲ್ಲೇ ಹಡಗು ಕಟ್ಟುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ. ನಾರ್ವೆಯ ಕಂಪನಿಯೊಂದು ಸರಕು ಹಡಗುಗಳನ್ನು ಅಲ್ಲಿ ಕಟ್ಟಿಸಿಕೊಳ್ಳುತ್ತಿದೆ ಎಂಬುದು ಬೀಚಿನಲ್ಲಿ ಕುಳಿತವರಿಗೆ ಗೊತ್ತಿರಲಿಕ್ಕಿಲ್ಲ.

ಈ ದುಡಿಮೆಗೆ ತೆತ್ತ ಬೆಲೆಯನ್ನೂ ಹೇಳಬೇಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಹುಡುಕಾಟಕ್ಕೆ ಒತ್ತಾಯಿಸಿ 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದರು. ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣದಾಚೆ, ಕಡಲ ತಳದಲ್ಲಿ ಅದರ ಅವಶೇಷ ಕಂಡಿತು. ಏಳರಲ್ಲಿ ಒಬ್ಬರೂ ಮನೆಗೆ ಬರಲಿಲ್ಲ.

ಇನ್ನು ಬೀಚು. ಮಕ್ಕಳಿರುವ ಸಂಸಾರಕ್ಕೆ ಇದರಷ್ಟು ಒಗ್ಗುವ ದಂಡೆ ನಮ್ಮ ಕರಾವಳಿಯಲ್ಲಿ ಕಡಿಮೆ. ಮರಳು ನುಣುಪು, ಅಗಲ ಸಾಕಷ್ಟು, ಇಳಿಜಾರು ಮೆಲ್ಲನೆಯದು. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದರೆ ಗಟ್ಟಿಯಾದ ಒದ್ದೆ ಮರಳಿನ ಮೇಲೆ ಅಜ್ಜಿಯರೂ ಎಡವದೆ ನಡೆಯಬಹುದು. ಮಗುವೊಂದನ್ನು ಅಲ್ಲಿ ಕೂರಿಸಿ ನೋಡಿ: ಬೆರಳಿನಷ್ಟು ತೂತಿನಿಂದ ಮರಳಬಣ್ಣದ ಏಡಿಮರಿ ಹೊರಗೆ ಬಂದು, ಕಣ್ಣಿನ ಕಡ್ಡಿಗಳನ್ನು ನೆಟ್ಟಗೆ ಮಾಡಿ, ನೆರಳು ಬಿದ್ದೊಡನೆ ಅಡ್ಡಡ್ಡ ಓಡಿ ಮಾಯವಾಗುತ್ತದೆ. ಒಂದು ಗಂಟೆ ಕಳೆಯಲು ಅಷ್ಟು ಸಾಕು. ಬನಾನ ರೈಡ್, ಪ್ಯಾರಾಸೈಲಿಂಗ್, ಒಂಟೆ ಸವಾರಿ ಬೇಕಾದವರಿಗೆ ಅವೂ ಇವೆ. ಅಳಿವೆಯ ಬದಿಗೆ ಸೀವಾಕ್ ಇದೆ. 2016ರ ಜನವರಿಯಲ್ಲಿ ದೇಶದ ಮೊದಲ ವೈಫೈ ಬೀಚು ಎಂದು ಮಲ್ಪೆ ಸುದ್ದಿಯಾಯಿತು. 2022ರ ಮೇನಲ್ಲಿ ತೇಲು ಸೇತುವೆ ಬಂತು. ಕೆಲವೇ ದಿನಗಳಲ್ಲಿ ತೆರೆಗಳ ಹೊಡೆತಕ್ಕೆ ಅದರ ಭಾಗಗಳು ಕಳಚಿದವು. ಆಗ ಕಡಲು ಕೆರಳುವ ಕಾಲ ಹತ್ತಿರ ಬಂದಿತ್ತು. ಊರಿನ ಮೀನುಗಾರರು ದೋಣಿ ಮೇಲೆಳೆಯಲು ಸಿದ್ಧತೆ ನಡೆಸುವ ತಿಂಗಳಲ್ಲಿ ಕಡಲಿಗೆ ಹೊಸದನ್ನು ಇಳಿಸಬಾರದು ಎಂಬುದನ್ನು ಇಲ್ಲಿನ ಯಾವ ಹಿರಿಯರನ್ನು ಕೇಳಿದ್ದರೂ ಹೇಳುತ್ತಿದ್ದರು.

ಮಳೆಗಾಲದಲ್ಲಿ ಈ ದಂಡೆಯೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ. ದ್ವೀಪಕ್ಕೂ ಯಾನ ಇಲ್ಲ. ಬೀಚಿನ ಉದ್ದಕ್ಕೆ ಬಲೆ ಕಟ್ಟಿ ಕೆಂಪು ಬಾವುಟ ಹಾರಿಸುತ್ತಾರೆ, ಮೀನಿಗಾಗಿ ಹೆಣೆದ ಬಲೆ ಆ ತಿಂಗಳುಗಳಲ್ಲಿ ಮನುಷ್ಯರನ್ನು ಕಾಯುತ್ತದೆ. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ವಡಭಾಂಡೇಶ್ವರದಲ್ಲಿ ಸಮುದ್ರಪೂಜೆ: ಮೀನುಗಾರರು ಕಡಲಿಗೆ ಹಾಲು, ಹೂ, ತೆಂಗಿನಕಾಯಿ ಅರ್ಪಿಸಿ ಮುಂದಿನ ವರ್ಷದ ದುಡಿಮೆಗೆ ಅಪ್ಪಣೆ ಕೇಳುತ್ತಾರೆ. ಕಡಲಲ್ಲೇ ಹುಟ್ಟಿ ಬೆಳೆದವರು ಅಪ್ಪಣೆ ಕೇಳಿ ಇಳಿಯುತ್ತಾರೆ. ಈಜು ಬಾರದ, ಕಡಲನ್ನು ಮೊದಲ ಸಲ ಕಂಡ ಹುಡುಗರು ಬಲೆ ದಾಟಿ ನುಗ್ಗಿ ಜೀವ ಕಳೆದುಕೊಂಡಾಗ ಅವರನ್ನು ಹುಡುಕಲು ನೀರಿಗಿಳಿಯುವವರೂ ಇದೇ ಊರಿನವರು.

ಮಲ್ಪೆಗೆ ಬರುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ. ಒಂದು ರಾತ್ರಿ ಉಳಿಯುವಂತೆ ಬನ್ನಿ. ಬೆಳಿಗ್ಗೆ ಧಕ್ಕೆ, ಬಿಸಿಲೇರುವ ಮೊದಲು ದ್ವೀಪ, ಮಧ್ಯಾಹ್ನ ಬಂಗುಡೆ ಪುಳಿಮುಂಚಿ ಮತ್ತು ನೀರುದೋಸೆ, ಸಂಜೆ ದಂಡೆ. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಹಿಂದೆ ಬನ್ನಿ, ತಂದ ಪ್ಲಾಸ್ಟಿಕ್ಕನ್ನು ತಿರುಗಿ ಒಯ್ಯಿರಿ. ಮರಳಿನ ಮೇಲೆ ಯಾರಾದರೂ ಬಲೆ ಹರಡಿ ಹರಿದ ಕಣ್ಣು ಹೆಣೆಯುತ್ತಿದ್ದರೆ ಅದನ್ನು ತುಳಿಯದೆ ಸುತ್ತಿ ಹೋಗಿ.