ಗೋಡೆಯಿಲ್ಲದ ಗೊಂಬೆ ಮನೆ

ನವರಾತ್ರಿಯ ಪಾಡ್ಯದಂದು ಕೆಂಗೇರಿಯ ಹಲವು ಮನೆಗಳ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಹಲಗೆಗಳು ಮೆಟ್ಟಿಲುಗಳಾಗುತ್ತವೆ. ಎಲ್ಲಕ್ಕೂ ಮೇಲೆ ಪಟ್ಟದ ಗೊಂಬೆಗಳು. ಮದುವೆಯಲ್ಲಿ ತವರಿನಿಂದ ಬಂದ ಮರದ ರಾಜ-ರಾಣಿ. ಕೆಳಗೆ ದರ್ಬಾರು, ಜಂಬೂಸವಾರಿ. ಅದಕ್ಕೂ ಕೆಳಗೆ ಅಕ್ಕಿ-ಬೇಳೆ ಗುಡ್ಡೆ ಹಾಕಿಕೊಂಡು ಕುಳಿತ ಡೊಳ್ಳುಹೊಟ್ಟೆಯ ಶೆಟ್ಟಿ, ಪಕ್ಕದಲ್ಲಿ ಶೆಟ್ಟಮ್ಮ. ಮೂಲೆಯಲ್ಲಿ ಬೆರಳುದ್ದದ ಒಲೆ, ಒರಳು, ಬೀಸುವ ಕಲ್ಲು. ಮಕ್ಕಳು ರಾಜನನ್ನು ಬಿಟ್ಟು ಈ ಅಡುಗೆಮನೆಯ ಮುಂದೆಯೇ ಕುಕ್ಕರಗಾಲಲ್ಲಿ ಕೂರುತ್ತಾರೆ.

ಈ ಕುತೂಹಲ ಮಕ್ಕಳಿಗಷ್ಟೇ ಸೇರಿದ್ದಲ್ಲ. ಅಮೆರಿಕದ ಷಿಕಾಗೋ ಕಲಾ ಸಂಗ್ರಹಾಲಯದಲ್ಲಿ ಜನ ಸರದಿಯಲ್ಲಿ ನಿಂತು ಗಾಜಿಗೆ ಮುಖ ಒತ್ತಿ ನೋಡುವ 68 ಪುಟ್ಟ ಕೋಣೆಗಳಿವೆ. ನಾರ್ಸಿಸಾ ಥಾರ್ನ್ ಎಂಬ ಮಹಿಳೆ 1932ರಿಂದ 1940ರವರೆಗೆ ಕುಶಲಕರ್ಮಿಗಳಿಂದ ಮಾಡಿಸಿದವು. ಅಳತೆ, ಅಡಿಗೊಂದು ಅಂಗುಲ. ಯುರೋಪು, ಅಮೆರಿಕಗಳ ಹಲವು ಶತಮಾನಗಳ ಕೋಣೆಗಳು ಅಲ್ಲಿ ಸಾಲಾಗಿ ನಿಂತಿವೆ. ಕಿಟಕಿಯಾಚೆ ತೋಟ, ಅಲ್ಲಿಂದ ಓರೆಯಾಗಿ ಬೀಳುವ ಬೆಳಕು, ಪಕ್ಕದ ಕೋಣೆಗೆ ತೆರೆದ ಬಾಗಿಲು. ಆದರೆ ಮನುಷ್ಯರಿಲ್ಲ. ಯಾರೋ ಈಗತಾನೆ ಎದ್ದುಹೋದಂತಿದೆ. ಗೊಂಬೆಯೊಂದನ್ನು ಕೂರಿಸಿದ್ದರೆ ಅದರ ಮರದ ಮುಖವೇ ಗುಟ್ಟು ಬಿಟ್ಟುಕೊಡುತ್ತಿತ್ತು. ಖಾಲಿ ಕುರ್ಚಿಯಲ್ಲಿ ನೋಡುಗನೇ ಕೂರಬಹುದು.

ನಮ್ಮಲ್ಲಿ ಇದು ತಿರುಗುಮುರುಗು. ಜನ ಉಂಟು, ಗೋಡೆಯಿಲ್ಲ. ಮೈಸೂರು ಅರಮನೆಯ ಗೊಂಬೆ ತೊಟ್ಟಿಯಲ್ಲೂ ಕಾಣುವುದು ಗೊಂಬೆಗಳೇ ಹೊರತು ಅವು ಬಾಳಿದ ಮನೆಗಳಲ್ಲ. ಮರದ ಹಳೆಯ ಅರಮನೆ 1897ರಲ್ಲಿ ಮದುವೆ ಸಂಭ್ರಮದ ನಡುವೆ ಸುಟ್ಟುಹೋದಾಗ ಹೆನ್ರಿ ಇರ್ವಿನ್ನನನ್ನು ಕರೆಸಿ ಹೊಸದನ್ನು ಕಟ್ಟಿಸಲಾಯಿತು, 1912ಕ್ಕೆ ಮುಗಿಯಿತು. ಅರಸರ ಮನೆ ಹೋದರೆ ಹೀಗೆ ಇನ್ನೊಂದು ಏಳುತ್ತದೆ, ಚರಿತ್ರೆಗೂ ಸೇರುತ್ತದೆ. ಬೆಂಗಳೂರಿನ ಅಂಚಿನ ಹಳ್ಳಿಗಳ ತೊಟ್ಟಿ ಮನೆಗೆ ಆ ಭಾಗ್ಯವಿಲ್ಲ. ಪಾಲಾಗಿ, ನಿವೇಶನವಾಗಿ, ಹೆಂಚು-ಕಂಬ ಗುಜರಿಗೆ ಹೋದ ಮೇಲೆ ಅದರ ನಕ್ಷೆಯೂ ಉಳಿಯದು.

ವಸ್ತುಗಳು ಉಳಿದಿವೆ, ನಿಜ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಹಳ್ಳಿಮನೆಯ ಪಾತ್ರೆ-ಪರಿಕರ, ಬೇಸಾಯದ ಸಾಧನಗಳನ್ನು ನೋಡಬಹುದು. ಆದರೆ ಒರಳು ಸಿಕ್ಕರೆ ಮನೆ ಸಿಕ್ಕಂತಲ್ಲ. ಒರಳು ಯಾವ ಮೂಲೆಯಲ್ಲಿತ್ತು, ತೊಟ್ಟಿಯ ಬಿಸಿಲು ಅಲ್ಲಿಗೆ ಎಷ್ಟು ಹೊತ್ತಿಗೆ ತಲುಪುತ್ತಿತ್ತು, ಕುಟ್ಟುವವಳಿಗೆ ಜಗುಲಿಯ ಮಾತು ಕೇಳುತ್ತಿತ್ತೇ? ಇದನ್ನು ಹೇಳಲು ಗೋಡೆಗಳು ಬೇಕು. ಪುಟ್ಟ ಕೋಣೆಯ ಹೆಚ್ಚುಗಾರಿಕೆ ಇಲ್ಲಿದೆ: ಇಡೀ ಮನೆಯ ನಡೆ-ನುಡಿ ಒಂದು ಮೇಜಿನ ಮೇಲೆ ಹಿಡಿಸುತ್ತದೆ.

ಇದಕ್ಕೆ ಬೇಕಾದ ಕೈಗಳೂ ದೂರವಿಲ್ಲ. ಕೆಂಗೇರಿಯಿಂದ ಹಳೆಯ ಮೈಸೂರು ರಸ್ತೆ ಹಿಡಿದರೆ, ರಾಮನಗರದ ಆಚೆಗೇ ಚನ್ನಪಟ್ಟಣ. (2023ರ ಹೊಸ ಹೆದ್ದಾರಿ ಊರನ್ನು ಬಳಸಿ ಹೋಗುತ್ತದೆ.) ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಕೂಡಿಸುವ ಅಲ್ಲಿನ ಕುಶಲಿಗಳಿಗೆ ಅಂಗುಲದ ಕಂಬ, ಅಂಗುಲದ ತೊಟ್ಟಿಲು ಕಷ್ಟವಲ್ಲ. ಅಳತೆ ಹೇಳುವವರು ಬೇಕು. ಬಚ್ಚಲ ಹಂಡೆ ಯಾವ ಗೋಡೆಗೆ ಒರಗಿತ್ತು, ಅಟ್ಟದ ಏಣಿಗೆ ಎಷ್ಟು ಮೆಟ್ಟಿಲು ಎಂದು ನೆನಪಿನಿಂದಲೇ ಹೇಳಬಲ್ಲ ಅಜ್ಜಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ.