ಗಾಳ ಮತ್ತು ತಾಳ: ಮಿರಗದ ಮಳೆ ಕಾಯುವವರ ಹಳೇ ಚರಿತ್ರೆ

ಮೇ ತಿಂಗಳ ಕೊನೆಯ ವಾರ ದುಮ್ಮವಾಡದ ಕಡೆ ಬಂದರೆ, ಬೀಜ ಗೊಬ್ಬರದ ಮಾತು ಮುಗಿದ ಮೇಲೆ ಕಟ್ಟೆಯ ಮೇಲೆ ಉಳಿಯುವ ಮಾತು ಎರಡು. ಮಿರಗದ ಮಳೆ ಹಿಡಿದರೆ ಹಳ್ಳಕ್ಕೆ ಹೊಸ ನೀರು ಯಾವಾಗ ಬಂದೀತು, ಮೀನು ಯಾವಾಗ ಏರ್‍ಯಾವು ಎನ್ನುವುದು ಒಂದು. ಶ್ರಾವಣದ ಭಜನೆಗೆ ಹಾರ್ಮೋನಿಯಂ ರಿಪೇರಿ ಮಾಡಿಸುವವರು ಯಾರು, ತಬಲಾಕ್ಕೆ ಹೊಸ ಚರ್ಮ ಹಾಕಿಸಲು ಪಟ್ಟಿ ಎತ್ತುವವರು ಯಾರು ಎನ್ನುವುದು ಇನ್ನೊಂದು. ಎರಡನ್ನೂ ಮಾತಾಡುವವರು ಬಹುಮಟ್ಟಿಗೆ ಅದೇ ನಾಲ್ಕು ಮಂದಿ ಗೆಳೆಯರು.

ಇದಕ್ಕೆ ಪಂಚಾಂಗದ ಲೆಕ್ಕವೂ ಇದೆ. ಜೂನ್ ಎರಡನೇ ವಾರದ ಹೊತ್ತಿಗೆ ಮೃಗಶಿರ, ಅದರ ಹಿಂದೆ ಆರಿದ್ರಾ. ಈ ಮಳೆಗಳಲ್ಲಿ ಕೆಂಪು ನೀರು ಹರಿದು ಬಂದಾಗ ಕೆರೆಯ ಮೀನು ನೀರಿನ ಎದುರು ಏರುತ್ತದೆ. ಗಾಳ, ಬಲೆ ಎಲ್ಲ ಹೊರಗೆ ಬರುವುದು ಆಗ. ಮುಂದೆ ಶ್ರಾವಣ ಹತ್ತಿತೆಂದರೆ ಬಹಳ ಮನೆಗಳಲ್ಲಿ ಮೀನು ಮಾಂಸ ಬಂದ್. ಗಾಳದ ಕೋಲು ಅಟ್ಟ ಸೇರುತ್ತದೆ, ತಾಳ ಕೆಳಗಿಳಿಯುತ್ತದೆ.

ಮೀನಿನ ಹಿಂದೆ ಹಾಡು ಬರುವ ಈ ಕ್ರಮವನ್ನು ಒಂಬತ್ತು ನೂರು ವರ್ಷದ ಹಿಂದೆ ನಮ್ಮ ನಾಡನ್ನಾಳಿದ ಒಬ್ಬ ರಾಜ ತನ್ನ ಪುಸ್ತಕದಲ್ಲೂ ಇಟ್ಟಿದ್ದಾನೆ. ಪಂಚಾಂಗ ನೋಡಿ ಇಟ್ಟದ್ದಲ್ಲ ಅನ್ನುವುದು ಬೇರೆ ಮಾತು. ಆ ಪುಸ್ತಕದಿಂದ ಇಲ್ಲಿಯವರೆಗೆ ಹಾಡಿನ ಚರಿತ್ರೆ ಹೇಗೆ ಉಳಿಯಿತು, ಮೀನಿನದು ಯಾಕೆ ಉಳಿಯಲಿಲ್ಲ ಎನ್ನುವುದನ್ನು ಈ ಬರಹದಲ್ಲಿ ನೋಡುತ್ತೇವೆ.

ರಾಜನ ಪುಸ್ತಕ

ರಾಜನ ಹೆಸರು ಮೂರನೇ ಸೋಮೇಶ್ವರ. ಕಲ್ಯಾಣದ ಚಾಲುಕ್ಯ ದೊರೆ, ಆರನೇ ವಿಕ್ರಮಾದಿತ್ಯನ ಮಗ. 1126ರ ಸುಮಾರಿಗೆ ಪಟ್ಟಕ್ಕೆ ಬಂದು 1138ರವರೆಗೆ ಆಳಿದ. ರಾಜಧಾನಿ ಇಂದಿನ ಬಸವಕಲ್ಯಾಣ. ಚಾಲುಕ್ಯರಿಗೂ ನಮ್ಮ ಜಿಲ್ಲೆಗೂ ಇರುವ ನಂಟನ್ನು ಅಣ್ಣಿಗೇರಿಯವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿನ ಅಮೃತೇಶ್ವರ ಗುಡಿ ಅವರ ಕಾಲದ್ದು. ಬೆಳ್ವೊಲ-300 ಎಂಬ ನಾಡಿನ ಮುಖ್ಯ ಪಟ್ಟಣ ಅಣ್ಣಿಗೇರಿ. ಕಲ್ಯಾಣ ಕೈತಪ್ಪಿದ ಮೇಲೆ ಮನೆತನದ ಕೊನೆಯ ದೊರೆ ನಾಲ್ಕನೇ ಸೋಮೇಶ್ವರ ಬಂದು ನೆಲೆ ಊರಿದ್ದೂ ಅಲ್ಲಿಯೇ.

ಮೂರನೇ ಸೋಮೇಶ್ವರ ಯುದ್ಧಕ್ಕಿಂತ ಬರವಣಿಗೆಯಿಂದ ಹೆಸರಾದವನು. 1130ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ ಬರೆದ ಗ್ರಂಥ 'ಮಾನಸೋಲ್ಲಾಸ'. 'ಅಭಿಲಷಿತಾರ್ಥಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯ ಗಳಿಸುವುದು, ಉಳಿಸಿಕೊಳ್ಳುವುದು ಮೊದಲ ಎರಡು ಭಾಗ. ಆಮೇಲೆ ಉಪಭೋಗ, ವಿನೋದ, ಕ್ರೀಡೆ. ಇಡ್ಲಿ, ದೋಸೆಯ ಹಳೆಯ ರೂಪಗಳ ಉಲ್ಲೇಖ ಇದರಲ್ಲಿದೆ ಎಂದು ಪತ್ರಿಕೆಗಳ ಪುರವಣಿಯಲ್ಲಿ ಆಗಾಗ ಓದಿರುತ್ತೀರಿ. ಅದೇ ಪುಸ್ತಕ ಇದು. ಬರೋಡಾದ ಗಾಯಕವಾಡ ಓರಿಯೆಂಟಲ್ ಸೀರೀಸ್‌ನಲ್ಲಿ 1925ರಿಂದ 1961ರವರೆಗೆ ಮೂರು ಸಂಪುಟಗಳಾಗಿ ಅಚ್ಚಾಯಿತು.

ನಾಲ್ಕನೇ ಭಾಗವಾದ ವಿನೋದ ವಿಂಶತಿಯಲ್ಲಿ ಆನೆ, ಕುದುರೆ, ಜಟ್ಟಿಗಳ ಕುಸ್ತಿ, ಕೋಳಿ ಕಾಳಗ, ಟಗರಿನ ಕಾಳಗ ಎಲ್ಲ ಇವೆ. ಕೊನೆಯ ಕಡೆ ಬಂದಾಗ ಸಾಲು ಹೀಗಿದೆ: ಮತ್ಸ್ಯ ವಿನೋದ, ಮೃಗ ವಿನೋದ, ಗೀತ ವಿನೋದ, ವಾದ್ಯ ವಿನೋದ, ನೃತ್ಯ ವಿನೋದ, ಕಥಾ ವಿನೋದ. ಮೀನು ಹಿಡಿಯುವುದಕ್ಕೂ ಹಾಡು ಕೇಳುವುದಕ್ಕೂ ನಡುವೆ ಬೇಟೆಯ ಒಂದೇ ಅಧ್ಯಾಯ.

ಮತ್ಸ್ಯ ವಿನೋದ ಬರೀ ಹೊಗಳಿಕೆಯ ಪದ್ಯವಲ್ಲ. ಸುಮಾರು 35 ಬಗೆಯ ಮೀನುಗಳ ವಿವರ ಅದರಲ್ಲಿದೆ. ಸಮುದ್ರದ್ದು ಯಾವುದು, ಹೊಳೆಯದ್ದು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ವಿಂಗಡಣೆ ಇದೆ. ಯಾವ ಮೀನಿಗೆ ಯಾವ ಆಹಾರ ಹಾಕಬೇಕು ಎಂದು ಬೇರೆ ಬೇರೆಯಾಗಿ ಹೇಳಿದೆ. ಕೋಲು, ದಾರ, ಗಾಳದ ಮಾತೂ ಬರುತ್ತದೆ. ಭಾರತದ ಮೀನು ವಿಜ್ಞಾನದಲ್ಲಿ ದೊಡ್ಡ ಹೆಸರಾದ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಪ್ರಬಂಧ ಬರೆದ ಮೇಲೆ ಇದರ ಕಡೆ ವಿಜ್ಞಾನಿಗಳ ಗಮನ ಹರಿಯಿತು.

ಇಲ್ಲಿ ನಮಗೆ ಒಂದು ಪ್ರಶ್ನೆ. ಯಾವ ಮೀನು ಏನು ತಿನ್ನುತ್ತದೆ ಎನ್ನುವುದು ಅರಮನೆಯಲ್ಲಿ ಕೂತು ಹೊಳೆಯುವ ವಿಷಯವಲ್ಲ. ನೀರಿನ ದಂಡೆಯಲ್ಲೇ ಜೀವ ಸವೆಸಿದವರು ಹೇಳಿರಬೇಕು, ಅರಮನೆಯವರು ಕೇಳಿ ಬರೆದುಕೊಂಡಿರಬೇಕು. ರಾಜನ ಹೆಸರು ಉಳಿಯಿತು, ಹೇಳಿಕೊಟ್ಟವರ ಹೆಸರು ಉಳಿಯಲಿಲ್ಲ.

ಗೀತ ವಿನೋದದಲ್ಲೂ ಜನರ ಬದುಕು ಇಣುಕುತ್ತದೆ. ಸುಗ್ಗಿಯಲ್ಲಿ, ಕುಟ್ಟುವಾಗ ಹಾಡಲು ತ್ರಿಪದಿ, ಕಥೆ ಹೇಳಲು ಷಟ್ಪದಿ, ಮದುವೆಗೆ ಧವಳ ಎಂದು ಅಲ್ಲಿದೆ. ಒನಕೆ ಹಿಡಿದ ಹೆಂಗಸಿನ ಹಾಡು ಚಕ್ರವರ್ತಿಯ ಗ್ರಂಥದಲ್ಲಿ ಸೇರಿದ್ದು ಸಣ್ಣ ಮಾತಲ್ಲ.

ಟ್ರೌಟ್ ನಾಡಿನ ಗೆಳೆಯರು

ಗಾಳದ ಮೀನುಗಾರಿಕೆಯ ಪುಸ್ತಕ ಅಂದರೆ ಇಂಗ್ಲಿಷ್ ಓದಿದವರು ಮೊದಲು ಹೇಳುವುದು ಐಸಾಕ್ ವಾಲ್ಟನ್ನನ 'ದಿ ಕಂಪ್ಲೀಟ್ ಆಂಗ್ಲರ್'. ಅಚ್ಚಾದದ್ದು 1653ರಲ್ಲಿ, ಅಂದರೆ ಮಾನಸೋಲ್ಲಾಸಕ್ಕೆ ಐದು ನೂರಕ್ಕೂ ಹೆಚ್ಚು ವರ್ಷ ಚಿಕ್ಕದು. ಇಂಗ್ಲೆಂಡಿನಲ್ಲಿ ಆಗ ಅಂತರ್ಯುದ್ಧ ಮುಗಿದು, ರಾಜನ ತಲೆ ಕಡಿದು ನಾಲ್ಕು ವರ್ಷ. ಅಂಥ ಕಾಲದಲ್ಲಿ ವಾಲ್ಟನ್ ಬರೆದದ್ದು ಹೊಳೆಯ ದಂಡೆಯಲ್ಲಿ ನಡೆಯುವ ಗೆಳೆಯರ ಕಥೆ. ಅವರು ಟ್ರೌಟ್ ಹಿಡಿಯುತ್ತಾರೆ, ಸಂಜೆ ಛತ್ರದಲ್ಲಿ ಅದನ್ನೇ ಬೇಯಿಸಿಕೊಂಡು ಉಣ್ಣುತ್ತಾರೆ, ಸರದಿಯ ಮೇಲೆ ಹಾಡುತ್ತಾರೆ. ಒಂದು ಹಾಡಿಗೆ ಸ್ವರಲಿಪಿಯನ್ನೂ ಪುಸ್ತಕದಲ್ಲೇ ಅಚ್ಚು ಹಾಕಿದ್ದಾರೆ. ಅದರಲ್ಲೊಂದು ಪ್ರಸಂಗ ನಮ್ಮವರಿಗೆ ಬಹಳ ಹಿಡಿಸೀತು: ಮೀನು ಹಿಡಿದವನು ತನ್ನ ಮೀನನ್ನು ಹಾಲು ಕರೆಯುವ ಹುಡುಗಿಗೆ ಕೊಡುತ್ತಾನೆ, ಬದಲಿಗೆ ಒಂದು ಹಾಡು ಕೇಳುತ್ತಾನೆ. ಮಗಳು ಹಾಡಿದ ಮೇಲೆ ತಾಯಿ ಇನ್ನೊಂದು ಹಾಡಿನಿಂದ ಉತ್ತರ ಕೊಡುತ್ತಾಳೆ.

ವಾಲ್ಟನ್ ರಾಜನಲ್ಲ, ಲಂಡನ್ನಿನಲ್ಲಿ ಅಂಗಡಿ ನಡೆಸಿದವನು. ಮೀನು ಹಿಡಿಯುವ ಬಿಡುವು ಅರಮನೆಯಿಂದ ಅಂಗಡಿಕಾರನ ಕೈಗೆ ಬಂದದ್ದು ಆ ಪುಸ್ತಕದ ವಿಶೇಷ.

ಟ್ರೌಟ್ ತಣ್ಣೀರಿನ ಮೀನು. ಬ್ರಿಟಿಷರು ಭಾರತಕ್ಕೆ ಬಂದಾಗ ಅದನ್ನು ಬಿಟ್ಟಿರಲಾರದೆ ನೀಲಗಿರಿಗೆ ತರಲು 1860ರ ದಶಕದಿಂದ ಹೆಣಗಿದರು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಅದು ಕೈಗೂಡಿತು. ನಮ್ಮ ಬೇಡ್ತಿಯ ನೀರಿನಲ್ಲಿ ಅದು ಬದುಕುವ ಮಾತಿಲ್ಲ. ಆದರೆ ಆ ಹುಚ್ಚಿನ ಇನ್ನೊಂದು ಮುಖ ಕನ್ನಡ ನಾಡಿಗೂ ಬಂತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಕರಾವಳಿಯ ಹೊಳೆಗಳಲ್ಲಿ ಗಾಳ ಹಾಕಿ, 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಬರೆದ. ಮೀನಿನ ಮರಿಗಳನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಬಳಿದುಕೊಂಡು ಹೋಗುವುದನ್ನು, ನೀರಿಗೆ ವಿಷ ಹಾಕುವುದನ್ನು ನಿಲ್ಲಿಸಬೇಕೆಂದು ಸರ್ಕಾರಕ್ಕೆ ಬರೆದವರಲ್ಲಿ ಅವನೂ ಒಬ್ಬ. 1897ರ ಇಂಡಿಯನ್ ಫಿಶರೀಸ್ ಆಕ್ಟ್ ನೀರಿನಲ್ಲಿ ಸಿಡಿಮದ್ದು ಮತ್ತು ವಿಷ ಹಾಕುವುದನ್ನು ಅಪರಾಧವೆಂದಿತು.

ಟ್ರೌಟ್ ನಾಡಿನಲ್ಲಿ ಮೀನು ಮೊಟ್ಟೆ ಇಡುವ ಕಾಲಕ್ಕೆ ಗಾಳ ಬಂದ್, ಆಮೇಲೆ ಸೀಸನ್ ಶುರು. ಅದಕ್ಕೇ ಅವರು ದಿನ ಎಣಿಸುತ್ತಾರೆ. ನಮ್ಮಲ್ಲಿ ಲೆಕ್ಕ ತಿರುವು ಮುರುವು. ಹೊಸ ನೀರಿಗೆ ಏರಿ ಬರುವ ಮೀನು ಮೊಟ್ಟೆ ಇಡಲೆಂದೇ ಬರುವುದು. ನಾವು ಕಾಯುವ ದಿನವೂ ಅದೇ. ಹೊಟ್ಟೆ ತುಂಬ ತತ್ತಿ ಇರುವ ಮೀನು ಸಿಕ್ಕರೆ ಖುಷಿಪಡುವವರಿಗೆ, ಮುಂದಿನ ವರ್ಷ ಕೆರೆಗೆ ಏನು ಉಳಿದೀತು ಎಂಬ ಪ್ರಶ್ನೆಯೂ ಆ ತತ್ತಿಯ ಜೊತೆಗೇ ಬರಬೇಕು.

ಹಾಡಿಗೆ ಸಿಕ್ಕ ಗೆಳೆಯರು

ಸೋಮೇಶ್ವರ ಬರೆದಿಟ್ಟ ತ್ರಿಪದಿಯ ಮುಂದಿನ ಕಥೆಗೆ ಎಂಟು ನೂರು ವರ್ಷ ದಾಟಿ ಬರಬೇಕು. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಮುಂತಾದವರ ಒಂದು ಗುಂಪು. ಜನ ಕರೆದದ್ದು 'ಹಲಸಂಗಿ ಗೆಳೆಯರು' ಎಂದೇ. ಬೀಸುವಾಗ, ಕುಟ್ಟುವಾಗ ಹೆಂಗಸರು ಹೇಳುತ್ತಿದ್ದ ಹಾಡುಗಳನ್ನು ಈ ಗೆಳೆಯರು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇದ್ದ ಕಾಲವೂ ಅದೇ. ಹಳ್ಳಿಯ ಹಾಡು ಸಾಹಿತ್ಯವೆಂದು ಓದಿದವರು ಒಪ್ಪಿದ್ದು ಇಂಥ ಗೆಳೆತನಗಳಿಂದ.

ನಮ್ಮ ಭಜನೆಗಳ ಬೆನ್ನೆಲುಬಾದ ಶಿಶುನಾಳ ಶರೀಫರದೂ ಇದೇ ಮಾತು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರ ಗುರು ಕಳಸದ ಗೋವಿಂದಭಟ್ಟರು. ಕಳಸ ಈಗ ಕುಂದಗೋಳ ತಾಲ್ಲೂಕಿನಲ್ಲಿದೆ. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು, ಇಬ್ಬರ ನೆನಪನ್ನೂ ಒಂದೇ ಉಸಿರಿನಲ್ಲಿ ಹಾಡುವ ಊರುಗಳು ನಮ್ಮವು. ಶರೀಫರ ತತ್ವಪದಗಳು ನೂರು ವರ್ಷ ಬದುಕಿದ್ದು ಭಜನೆಯವರ ಬಾಯಿಯಲ್ಲಿ. ಸಿ. ಅಶ್ವತ್ಥರ ದನಿ, 1990ರ 'ಸಂತ ಶಿಶುನಾಳ ಶರೀಫ' ಸಿನಿಮಾ, ಕ್ಯಾಸೆಟ್ಟು ಬಂದದ್ದು ಆಮೇಲೆ.

ಶಾಸ್ತ್ರೀಯ ಸಂಗೀತಕ್ಕೂ ಇಲ್ಲಿ ಸಂಗಾತಿಗಳು ಕಡಿಮೆಯಾಗಲಿಲ್ಲ. ಕುಂದಗೋಳದ ನಾಡಿಗೇರ ವಾಡೆಗೆ ಉಸ್ತಾದ್ ಅಬ್ದುಲ್ ಕರೀಂ ಖಾನರು ಬರುತ್ತಿದ್ದರು. ಅವರ ಶಿಷ್ಯ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುತ್ತಿದ್ದರು. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂತು, ರೇಡಿಯೊ ಇರುವ ಒಂದು ಮನೆಯ ಮುಂದೆ ಓಣಿಯೇ ಕೂತು ಕೇಳಿತು. ಕ್ಯಾಸೆಟ್ಟು ಕೈ ಬದಲಾಯಿತು. ಮುಂದೆ ಕಲಘಟಗಿಯ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು, ಅದನ್ನು ಗೆಳೆಯನ ಮೊಬೈಲಿಗೆ ದಾಟಿಸುವ ಕಾಲ ಬಂತು. ಸಾಧನ ಬದಲಾದರೂ ಒಬ್ಬರಿಂದ ಒಬ್ಬರಿಗೆ ದಾಟುವುದು ನಿಲ್ಲಲಿಲ್ಲ.

ಮೀನಿಗೆ ಸಿಗದ ಬರಹ

ಈಗ ನೀರಿನ ಕಡೆ ಬರೋಣ. ದುಮ್ಮವಾಡದ ಹತ್ತಿರ ಬೇಡ್ತಿ ಹಳ್ಳಕ್ಕೆ ಅಡ್ಡಲಾಗಿ 1950ರ ದಶಕದಲ್ಲಿ ನೀರಸಾಗರ ಕಟ್ಟಿದ್ದು ಹುಬ್ಬಳ್ಳಿಗೆ ಕುಡಿಯುವ ನೀರಿಗಾಗಿ. ಸವದತ್ತಿ ಕಡೆಯಿಂದ ಮಲಪ್ರಭೆಯ ನೀರು ಬರುವವರೆಗೆ ಹುಬ್ಬಳ್ಳಿಗರ ಗಂಟಲು ತಣಿಸಿದ್ದರಲ್ಲಿ ಇದರ ಪಾಲು ದೊಡ್ಡದು. ಬರ ಬಿದ್ದ ವರ್ಷ ತಳ ಕಾಣುತ್ತದೆ, ಮಳೆ ಹಿಡಿದ ವರ್ಷ ಕೋಡಿ ಬೀಳುತ್ತದೆ. ಕೋಡಿ ಬಿದ್ದ ನೀರು ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅಂಕೋಲೆಯ ಹತ್ತಿರ ಸಮುದ್ರ ಸೇರುತ್ತದೆ.

ನಮ್ಮ ಕೆರೆಗಳ ಮೀನಿನ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು 1957ರ ಜುಲೈ 10. ಅಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಹಾರ್ಮೋನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಗೆದ್ದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಅಲ್ಲಿಂದ ಮುಂದೆ ಗಂಗಾ ಬಯಲಿನ ಕಟ್ಲಾ, ರೋಹು, ಮೃಗಾಲ್ ಮರಿಗಳು ಆಮ್ಲಜನಕ ತುಂಬಿದ ಚೀಲಗಳಲ್ಲಿ ದೇಶದ ಕೆರೆಕೆರೆಗೂ ಬಂದವು. ಇದರಿಂದ ಮೀನು ಹೆಚ್ಚಾಯಿತು, ಅಗ್ಗವಾಯಿತು, ಎಷ್ಟೋ ಮನೆಗಳಿಗೆ ದುಡಿಮೆಯಾಯಿತು. ಅದು ಸುಳ್ಳಲ್ಲ. ಆದರೆ ಕೆರೆ ಗುತ್ತಿಗೆಯ ಲೆಕ್ಕಕ್ಕೆ ಬರುವುದು ಬಿಟ್ಟ ಮರಿ ಮತ್ತು ಹಿಡಿದ ಕಿಲೋ. ಹಳ್ಳದ ಸಣ್ಣ ಮೀನಿಗೆ, ಕೆಸರಿನ ಚೇಳುಮೀನಿಗೆ, ಬಾಳೆಮೀನಿಗೆ, ಅವುಗಳ ಗುಣ ಬಲ್ಲವರಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ.

ಈ ಗುಣ ಬಲ್ಲವರು ಇನ್ನೂ ಇದ್ದಾರೆ. ನೀರಿನ ಬಣ್ಣ ನೋಡಿ ಗಾಳ ಎತ್ತಬೇಕೋ ಬಿಡಬೇಕೋ ಹೇಳುತ್ತಾರೆ. ಬೆಂಡು ಅಲುಗಿದ ರೀತಿಯಲ್ಲೇ ಕೆಳಗಿರುವುದು ಯಾವ ಮೀನೆಂದು ಹೇಳುತ್ತಾರೆ. ಎರೆಹುಳಕ್ಕೆ ಬರುವುದು ಯಾವುದು, ಹಿಟ್ಟಿನ ಉಂಡೆಗೆ ಬರುವುದು ಯಾವುದು ಎಂದು ಬಿಡಿಸಿ ಹೇಳುತ್ತಾರೆ. ಸೋಮೇಶ್ವರನ ಪುಸ್ತಕದಲ್ಲಿರುವುದೂ ಇಂಥದೇ ತಿಳಿವು. ವ್ಯತ್ಯಾಸವೆಂದರೆ ಅಲ್ಲಿ ಬರೆದಿಟ್ಟಿದ್ದಾರೆ, ಇಲ್ಲಿ ಯಾರೂ ಬರೆದಿಲ್ಲ.

ಸೋಮೇಶ್ವರ ತೀರಿಕೊಂಡ ಒಂದು ತಲೆಮಾರಿನೊಳಗೆ ಅದೇ ಕಲ್ಯಾಣದ ಶರಣರ ನಡುವೆ ಅಂಬಿಗರ ಚೌಡಯ್ಯ ಕನ್ನಡದಲ್ಲಿ, ತನ್ನ ಕಸುಬಿನ ಹೆಸರು ಹಿಡಿದೇ, ಯಾರಿಗೂ ಅಂಜದೆ ವಚನ ಹೇಳಿದ. ನೀರಿನ ಮೇಲೆ ದುಡಿಯುವವನ ದನಿ ಹೆಸರು ಸಮೇತ ನಮ್ಮ ಚರಿತ್ರೆಯಲ್ಲಿ ಅಷ್ಟು ಗಟ್ಟಿಯಾಗಿ ಕೇಳಿದ್ದು ವಿರಳ.

ಹಾಡಿಗೆ ಹಲಸಂಗಿ ಗೆಳೆಯರು ಸಿಕ್ಕರು. ಮೀನು ಬಲ್ಲವರ ಮಾತಿಗೆ ಅಂಥವರು ಇನ್ನೂ ಸಿಗಬೇಕಾಗಿದೆ. ಅದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಈ ಮಿರಗಕ್ಕೆ ಕೆರೆಯ ದಂಡೆಗೆ ಹೋಗುವವರು ಒಂದು ನೋಟ್‌ಬುಕ್ ಒಯ್ದರೆ ಸಾಕು. ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕಾದದ್ದು ಇಷ್ಟು: ನಿಮ್ಮ ಊರಿನಲ್ಲಿ ಈ ಮೀನಿಗೆ ಏನನ್ನುತ್ತಾರೆ, ಯಾವ ಮಳೆಗೆ ಏರುತ್ತದೆ, ಏನು ತಿನ್ನುತ್ತದೆ, ಮೊದಲು ಸಿಗುತ್ತಿದ್ದು ಈಗ ಸಿಗದ ಮೀನು ಯಾವುದು, ಯಾವ ವರ್ಷದಿಂದ ಕಾಣೆಯಾಯಿತು. ಹೇಳಿದವರು ಒಪ್ಪಿದರೆ ಅವರ ಹೆಸರನ್ನೂ ಬರೆದುಕೊಳ್ಳಿ, ಸೋಮೇಶ್ವರ ಬಿಟ್ಟದ್ದು ಅದನ್ನೇ. ಶ್ರಾವಣ ಬಂದು ಗಾಳ ಅಟ್ಟ ಸೇರಿದ ಮೇಲೆ ಅದೇ ನೋಟ್‌ಬುಕ್ ಭಜನೆಗೂ ಬಂದೀತು. ಅಚ್ಚಾಗದ ಪದಗಳು ಪ್ರತಿ ಊರಿನಲ್ಲೂ ಒಬ್ಬಿಬ್ಬರ ಬಾಯಿಯಲ್ಲಿ ಇದ್ದೇ ಇರುತ್ತವೆ.