ಎಂಜಿನ್ನಿನ ಸದ್ದು, ಬೀಗರ ಮಾತು

ನಾಲೆಯ ನೀರು ಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಲ್ಲಿ ಕಬ್ಬು ಹಬ್ಬಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆಲೆಮನೆಯಲ್ಲಿ ಗಾಣ ತಿರುಗಿಸುತ್ತಿದ್ದ ಎತ್ತಿನ ಜಾಗಕ್ಕೆ ಎಂಜಿನ್ ಬಂದಾಗ, ಅಲ್ಲಿ ಮಾತಾಡುವುದೆಂದರೆ ಕೂಗುವುದೇ ಆಯಿತು. ವರ್ಷಗಟ್ಟಲೆ ಅಂಥ ಸದ್ದಿನಲ್ಲಿ ದುಡಿದರೆ ಕಿವಿ ಮಂದವಾಗುತ್ತದೆ.

ಈ ಸೀಮೆಯವರಿಗೆ ಹತ್ತಿರದ ಆಸರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅದು ಹುಟ್ಟಿದ 1965ರ ಸುಮಾರಿಗೆ ಶ್ರವಣ ಸಾಧನವೆಂದರೆ ಹೆಚ್ಚಾಗಿ ಅಂಗಿ ಜೇಬಿನ ಡಬ್ಬಿ, ಅದರಿಂದ ಕಿವಿಗೊಂದು ವೈರು. ಬಟ್ಟೆ ಉಜ್ಜುವ ಸದ್ದು, ಮಗಳ ಮಾತು, ಎಂಜಿನ್ ಎಲ್ಲವೂ ಒಟ್ಟಿಗೇ ಜೋರಾಗುತ್ತಿದ್ದವು. ‘ಕಿವಿ ಮಿಷನ್ನು’ ಪೆಟ್ಟಿಗೆ ಸೇರಿದರೆ ಅದು ಮುದುಕರ ಹಠವಲ್ಲ.

1979ರಲ್ಲಿ ಅಮೆರಿಕದ ಸ್ಟೀವನ್ ಬೋಲ್ ಒಂದು ಲೆಕ್ಕ ಮುಂದಿಟ್ಟರು: ಮಾತು ನಿಂತಾಗ ಗದ್ದಲವನ್ನು ಅಳೆದುಕೊಂಡು, ಒಟ್ಟು ಸದ್ದಿನಿಂದ ಅದನ್ನು ಕಳೆಯುವುದು. ಇಂಥ ಲೆಕ್ಕವನ್ನು ಕಿವಿಯ ಬಳಿಯೇ ಮಾಡಬಲ್ಲ ಪೂರ್ಣ ಡಿಜಿಟಲ್ ಸಾಧನಗಳು ಮಾರುಕಟ್ಟೆಗೆ ಬಂದದ್ದು 1996ರ ಸುಮಾರಿಗೆ. ಎಂಜಿನ್ನಿನ ಸದ್ದು ಒಂದೇ ಸಮ, ಮಾತು ಏರಿಳಿಯುತ್ತದೆ. ಆ ವ್ಯತ್ಯಾಸ ಹಿಡಿದು ಸಾಧನ ಎಂಜಿನ್ನನ್ನು ತಗ್ಗಿಸುತ್ತದೆ.

ಮದ್ದೂರಿನ ಛತ್ರದಲ್ಲಿ ಮದುವೆಯೂಟದ ಪಂಕ್ತಿಯಾದರೆ? ಅಲ್ಲಿ ಗದ್ದಲವೇ ಮಾತು. ಬೀಗರ ದನಿ ಯಾವುದು, ಹಿಂದಿನ ಸಾಲಿನ ಹರಟೆ ಯಾವುದು ಎಂದು ಈ ಲೆಕ್ಕಕ್ಕೆ ತಿಳಿಯದು. ಎದುರಿನಿಂದ ಬರುವ ದನಿಯನ್ನೇ ಹೆಚ್ಚು ಹಿಡಿಯುವ ಜೋಡಿ ಮೈಕು ಇಲ್ಲಿ ಹೆಚ್ಚು ಉಪಕಾರಿ. ಗದ್ದಲ ತಗ್ಗಿಸುವ ಲೆಕ್ಕ ಕೊಡುವುದು ಬಹುಮಟ್ಟಿಗೆ ನೆಮ್ಮದಿ. ಅದೂ ಸಣ್ಣದೇನಲ್ಲ, ತಲೆ ಸಿಡಿಯದಿದ್ದರೆ ಸಾಧನ ಸಂಜೆಯವರೆಗೂ ಕಿವಿಯಲ್ಲಿ ಉಳಿದೀತು. ಬೀಗರ ಮಾತಿಗೆ ಮಾತ್ರ ಈಗಲೂ ಅವರ ಎದುರೇ ಕೂತು ತುಟಿ ನೋಡಬೇಕು.